ಮಳೆಗಾಲದಲ್ಲಿ ಶಿಳ್ಳೆಗಾರ ಹಕ್ಕಿ: ಜಲವರ್ಣದಲ್ಲಿ ಕಪ್ಪು ಮಂಕಾಗದಂತೆ ಮಾಡುವುದು ಹೇಗೆ?

ಹೂಮಳೆ
ಎಲ್ಲರಿಗೂ ನಮಸ್ಕಾರ. ಮಲಬಾರ್ ವಿಸ್ಲಿಂಗ್ ಥ್ರಶ್, ಅಂದರೆ ನಮ್ಮ ಶಿಳ್ಳೆಗಾರ, ತೊರೆಯ ಬಂಡೆ ಮೇಲೆ ಕೂತಿರುವ ಚಿತ್ರ. ಎ3 ಅಳತೆ, 300 ಜಿಎಸ್‌ಎಂ ಕೋಲ್ಡ್ ಪ್ರೆಸ್ (ಸ್ವಲ್ಪ ತರಿತರಿ ಮೈಯ) ಹತ್ತಿ ಪೇಪರ್. ಜಾಗ ಕೊಡಗಿನ ಭಾಗಮಂಡಲದ ಕಡೆ, ಮಳೆ ಬಿಟ್ಟಿಲ್ಲ. ಮೂರು ತೊಂದರೆ ಇದೆ.

ಒಂದು, ಮೈಯ ಕಪ್ಪು ಒದ್ದೆಯಿದ್ದಾಗ ಜೀವಂತವಾಗಿರುತ್ತದೆ, ಒಣಗಿದರೆ ಒರೆಸಿದ ಕರಿಹಲಗೆಯಂತೆ ಮಂಕು. ಲ್ಯಾಂಪ್ ಬ್ಲಾಕ್ ಟ್ಯೂಬ್ ಬಳಸಿದ್ದು. ಎರಡು, ಹೆಗಲಿನ ನೀಲಿ ಮೇಲಿಂದ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತದೆ. ಮೂರು, ಹಿನ್ನೆಲೆಯ ವಾಶ್‌ನಲ್ಲಿ (ತೆಳುವಾಗಿ ಬಳಿದ ನೀರುಬಣ್ಣದಲ್ಲಿ) ಅಲ್ಲಲ್ಲಿ ಮೆಣಸಿನ ಕಾಳಿನಷ್ಟು ಗಾಢ ಕಲೆಗಳು ಏಳುತ್ತಿವೆ. ಪೇಪರ್ ತಂದು ವರ್ಷವಾಗಿದೆ, ಅಲ್ಮೇರಾದಲ್ಲಿತ್ತು. ಯಾವುದರಿಂದ ಶುರು ಮಾಡಲಿ?

ಕಾಡುಗೆರೆ
ಮೂರನೆಯದರಿಂದ ಶುರು ಮಾಡಿ. ಅದು ಸರಿಯಾಗದೆ ಮೊದಲೆರಡನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಜಲವರ್ಣದ ಪೇಪರಿಗೆ ಸೈಜಿಂಗ್ ಅಂತ ಒಂದು ಲೇಪ ಇರುತ್ತದೆ. ಒಳ್ಳೆಯ ಹತ್ತಿ ಪೇಪರುಗಳಲ್ಲಿ ಅದು ಬಹಳ ಸಲ ಜೆಲಟಿನ್. ಬಣ್ಣ ಒಳಗೆ ಇಳಿಯದೆ ಮೇಲೆಯೇ ನಿಂತು ಹೊಳೆಯುವುದು ಆ ಲೇಪದಿಂದ. ನಮ್ಮ ಶೀತದಲ್ಲಿ ಬೂಷ್ಟು ಮೊದಲು ತಿನ್ನುವುದು ಆ ಜೆಲಟಿನ್ನನ್ನೇ. ಕಣ್ಣಿಗೆ ಏನೂ ಕಾಣುವುದಿಲ್ಲ, ಪೇಪರ್ ಬೆಳ್ಳಗೇ ಇರುತ್ತದೆ. ಬಣ್ಣ ಹಾಕಿದ ಮೇಲೆ ಲೇಪ ಹೋದ ಜಾಗ ಒತ್ತುಕಾಗದದ ಹಾಗೆ ಹೀರಿಕೊಳ್ಳುತ್ತದೆ. ನಿಮ್ಮ ಮೆಣಸಿನ ಕಾಳಿನ ಕಲೆ ಅದೇ.

ಪರೀಕ್ಷೆ ಸುಲಭ. ಹಾಳೆಯ ಒಂದು ಮೂಲೆಗೆ ಅಗಲ ಬ್ರಶ್‌ನಿಂದ ಬರೀ ನೀರು ಎಳೆದು, ಓರೆಯಾಗಿ ಬೆಳಕಿಗೆ ಹಿಡಿದು ಒಂದು ನಿಮಿಷ ನೋಡಿ. ನೀರಿನ ಹೊಳಪು ಎಲ್ಲ ಕಡೆ ಸಮನಾಗಿ ನಿಂತರೆ ಪೇಪರ್ ಚೆನ್ನಾಗಿದೆ. ಚುಕ್ಕೆಚುಕ್ಕೆಯಾಗಿ ಹೊಳಪು ಇಂಗಿ ಆ ಜಾಗ ಕಪ್ಪಾದರೆ ಕೆಟ್ಟಿದೆ. ಎರಡೂ ಮಗ್ಗುಲು ನೋಡಿ, ಕೆಲವೊಮ್ಮೆ ಗೋಡೆಯ ಕಡೆ ಇದ್ದ ಮಗ್ಗುಲು ಮಾತ್ರ ಹೋಗಿರುತ್ತದೆ.

ಕೆಟ್ಟ ಹಾಳೆಯನ್ನು ಎಸೆಯಬೇಡಿ. 200 ಮಿಲಿ ನೀರಿಗೆ 5 ಗ್ರಾಂ ಬಣ್ಣವಿಲ್ಲದ, ಸಕ್ಕರೆ ಸೇರಿಸದ ಜೆಲಟಿನ್ ನೆನೆಹಾಕಿ, ಬೆಚ್ಚಗೆ ಮಾಡಿ ಕರಗಿಸಿ (ಕುದಿಸಬಾರದು, ಕುದಿಸಿದರೆ ಅಂಟುಗುಣ ಹೋಗುತ್ತದೆ), ಮೆತ್ತನೆಯ ಅಗಲ ಬ್ರಶ್‌ನಿಂದ ಒಂದೇ ಸಲ ಬಳಿದು ಒಣಗಿಸಿ. ಅಭ್ಯಾಸಕ್ಕೆ, ಗ್ವಾಶ್‌ಗೆ (ಪಾರದರ್ಶಕವಲ್ಲದ ಜಲವರ್ಣ), ಪೋಸ್ಟರ್ ಕಲರ್‌ಗೆ ಆಗುತ್ತದೆ. ಮಾರುವ ಚಿತ್ರಕ್ಕೆ ಬೇಡ, ಬೂಷ್ಟಿನ ಬೇರು ಒಳಗೇ ಇರುತ್ತದೆ.

ಹೊಸ ಪೇಪರನ್ನು ಅಲ್ಮೇರಾದಲ್ಲಿ, ಅದರಲ್ಲೂ ಹೊರಗೋಡೆಗೆ ಒರಗಿದ ಅಲ್ಮೇರಾದಲ್ಲಿ ಇಡಲೇಬೇಡಿ. ಮಳೆ ಶುರುವಾಗುವ ಮೊದಲು, ಒಣ ಹವೆಯಲ್ಲೇ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೋ ಜಿಪ್ ಚೀಲಕ್ಕೋ ಹಾಕಿ ಸಿಲಿಕಾ ಜೆಲ್ ಜೊತೆ ಮುಚ್ಚಬೇಕು. ಜುಲೈನಲ್ಲಿ ಮುಚ್ಚಿದರೆ ಶೀತವನ್ನೇ ಒಳಗೆ ಕೂಡಿಹಾಕಿದ ಹಾಗೆ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ನೀರು ಹೀರಿದಾಗ ಹಸಿರಾಗುತ್ತದೆ, ಆಗ 120 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿಯಿಂದ ಗುಲಾಬಿಯಾಗುವ ಜಾತಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಅದು ವಿಷ. ಅಡಿಗೆ ಪಾತ್ರೆಯಲ್ಲಿ ಹುರಿಯಬೇಡಿ.

ಬೆಟ್ಟದನೆಲ್ಲಿ
ಕಪ್ಪಿನ ವಿಷಯ. ಲ್ಯಾಂಪ್ ಬ್ಲಾಕ್ ಅಂದರೆ ಮಸಿ. ತುಂಬ ಸಣ್ಣ ಕಣ, ಪಾರದರ್ಶಕವಲ್ಲ. ಪೇಪರಿನ ಬಿಳುಪನ್ನು ಪೂರ್ತಿ ಮುಚ್ಚಿಬಿಡುತ್ತದೆ, ಬೆಳಕು ಒಳಗೆ ಹೋಗಿ ಹಿಂದಿರುಗುವ ದಾರಿಯೇ ಉಳಿಯುವುದಿಲ್ಲ. ಅದಕ್ಕೇ ಮಂಕು. ಒಂದೇ ಪದರದಲ್ಲಿ ದಪ್ಪಗೆ ಹಾಕಿದರೆ ಇನ್ನೂ ಕೆಡುತ್ತದೆ.

ಕಪ್ಪನ್ನು ಪಾರದರ್ಶಕ ಬಣ್ಣಗಳಿಂದ ಕಲಸಿ. ಟ್ಯೂಬಿನ ಮೇಲಿನ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ ಸಣ್ಣಕ್ಷರದ ಪಿಗ್ಮೆಂಟ್ (ಬಣ್ಣದ್ರವ್ಯ) ಸಂಖ್ಯೆ ನೋಡಿ ಕೊಳ್ಳಿ. ಶಿಳ್ಳೆಗಾರನಿಗೆ ಮೂರು ಮಿಶ್ರಣ ಸಾಕು.

ಅಲ್ಟ್ರಾಮರೀನ್ (ಪಿಬಿ 29) ಮೂರು ಪಾಲು, ಬರ್ಂಟ್ ಅಂಬರ್ (ಪಿಬಿಆರ್ 7) ಎರಡು ಪಾಲು: ಎದೆ, ಹೊಟ್ಟೆಯ ನೀಲಿಗಪ್ಪು. ಅಲ್ಟ್ರಾಮರೀನ್ ಕಣಕಣವಾಗಿ ಕೂರುವುದರಿಂದ ಗರಿಯ ಮೆತ್ತನೆ ತಾನಾಗಿ ಬರುತ್ತದೆ.

ಇಂಡಾಂತ್ರೋನ್ ಬ್ಲೂ (ಪಿಬಿ 60) ಎರಡು ಪಾಲು, ಬರ್ಂಟ್ ಸಿಯೆನ್ನಾ ಒಂದು ಪಾಲು: ರೆಕ್ಕೆ, ಬಾಲ. ಇದು ನುಣುಪು, ಅಂಚು ಹರಿತ.

ಥ್ಯಾಲೋ ಗ್ರೀನ್ (ಪಿಜಿ 7) ಮತ್ತು ಕ್ವಿನಾಕ್ರಿಡೋನ್ ರೋಸ್ (ಪಿವಿ 19) ಸಮ ಪಾಲು: ಅತಿ ಗಾಢ ಕಪ್ಪು. ಕಣ್ಣಿನ ಮುಂದಿನ ಜಾಗ, ಕೊಕ್ಕಿನ ಬುಡ, ರೆಕ್ಕೆಯ ಕೆಳಗಿನ ನೆರಳು, ಇಷ್ಟಕ್ಕೆ ಮಾತ್ರ. ಇಡೀ ಹಕ್ಕಿಗೆ ಹಾಕಿದರೆ ಕಾಗೆಯಾಗುತ್ತದೆ.

ಹದ ಮುಖ್ಯ. ಮೊದಲ ಪದರ ಕಪ್ಪು ಚಹಾದಷ್ಟು ತೆಳು, ಎರಡನೆಯದು ಹಾಲಿನಷ್ಟು, ಮೂರನೆಯದು ಗಟ್ಟಿ ಮಜ್ಜಿಗೆಯಷ್ಟು. ಮೊಸರಿಗಿಂತ ದಪ್ಪ ಬೇಡ. ಇಂಡಾಂತ್ರೋನ್, ಥ್ಯಾಲೋ ಎರಡೂ ದಪ್ಪಗಾದರೆ ಒಣಗಿದ ಮೇಲೆ ತಾಮ್ರದ ಥರ ಕೆಂಪುಹೊಳಪು ಕಾಣಿಸುತ್ತದೆ, ಅದನ್ನು ತೆಗೆಯಲು ಬರುವುದಿಲ್ಲ. ಜಲವರ್ಣ ಒಣಗಿದಾಗ ಹೇಗೂ ಒಂದು ಮೆಟ್ಟಿಲು ತಿಳಿಯಾಗುತ್ತದೆ. ಒದ್ದೆಯಲ್ಲಿ 'ಸ್ವಲ್ಪ ಜಾಸ್ತಿಯಾಯಿತು' ಅನ್ನಿಸಬೇಕು, ಆಗ ಒಣಗಿದ ಮೇಲೆ ಸರಿಯಾಗಿರುತ್ತದೆ.

ತೊರೆಬದಿ
ಹೂಮಳೆ ಅವರೇ, ನೀಲಿ ಸ್ಟಿಕ್ಕರ್‌ನಂತೆ ಕಾಣುವುದಕ್ಕೆ ಕಾರಣ ಬಣ್ಣವಲ್ಲ, ಹಾಕಿದ ಕ್ರಮ. ಕಪ್ಪು ಮುಗಿಸಿ ಅದರ ಮೇಲೆ ನೀಲಿ ಇಟ್ಟಿರಬೇಕು.

ಹಕ್ಕಿಯ ಗರಿಯಲ್ಲಿ ನೀಲಿ ಅನ್ನುವ ಬಣ್ಣದ್ರವ್ಯವೇ ಇಲ್ಲ. ಗರಿಯ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ನೀಲಿ ಕಾಣುತ್ತದೆ, ಕೆಳಗಿನ ಕಪ್ಪು ಅದನ್ನು ಎತ್ತಿಕೊಡುತ್ತದೆ. ಶಿಳ್ಳೆಗಾರನ ಹಣೆ ಮತ್ತು ಹೆಗಲಿನ ನೀಲಿ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಹೊಳೆಯುವುದು. ಮೋಡ ಕವಿದ ದಿನ, ಮರದಡಿಯಲ್ಲಿ, ಹಕ್ಕಿ ಪೂರ್ತಿ ಕಪ್ಪು. ಹಾಗಾಗಿ ಮೊದಲ ನಿರ್ಧಾರ: ಬೆಳಕು ಯಾವ ಕಡೆಯಿಂದ? ಆ ಕಡೆಯ ಹೆಗಲು ಹೊಳೆಯಬೇಕು, ಇನ್ನೊಂದು ಹೊಳೆಯಬಾರದು. ಎರಡೂ ಕಡೆ ಸಮ ನೀಲಿ ಹಾಕಿದರೆ ಎಷ್ಟು ಒಳ್ಳೆಯ ಬಣ್ಣವಾದರೂ ಅಂಟಿಸಿದಂತೆಯೇ ಕಾಣುವುದು.

ಕ್ರಮ ಹೀಗೆ. ಪೆನ್ಸಿಲ್ ಗೆರೆ ಆದ ಮೇಲೆ ಕೋಬಾಲ್ಟ್ ಬ್ಲೂ (ಪಿಬಿ 28) ತೆಳುವಾಗಿ ಇಡೀ ಹಕ್ಕಿಗೆ ಬಳಿಯಿರಿ, ಕಣ್ಣಿನ ಮಿಂಚು ಮಾತ್ರ ಬಿಟ್ಟು. ಒಣಗಲಿ. ಹೆಗಲು, ಹಣೆಗೆ ಅದೇ ಕೋಬಾಲ್ಟ್ ಇನ್ನೊಂದು ಪದರ. ಒಣಗಲಿ. ಈಗ ಬೆಟ್ಟದನೆಲ್ಲಿ ಹೇಳಿದ ಕಪ್ಪು ಮಿಶ್ರಣವನ್ನು ನೀಲಿಯ ಸುತ್ತ ತಂದು, ನೀಲಿ ಗರಿಗಳ ಬುಡದ ಕಡೆ ಅಂಚನ್ನು ಒದ್ದೆ ಬ್ರಶ್‌ನಿಂದ ಕರಗಿಸಿ, ತುದಿಯ ಕಡೆ ಅಂಚು ಹರಿತವಾಗಿ ಬಿಡಿ. ಹೆಗಲಿನ ಗರಿಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತಿರುತ್ತವೆ. ಕಪ್ಪಿನ ಸಣ್ಣ ಅರ್ಧಚಂದ್ರಗಳನ್ನು ಅವುಗಳ ನಡುವೆ ಇಳಿಸಿದರೆ ನೀಲಿ ತಾನಾಗಿ ಗರಿಯಾಗುತ್ತದೆ. ಎಂಟು ಹತ್ತು ಸಾಕು. ಎಲ್ಲ ಗರಿ ಎಣಿಸಿ ಬಿಡಿಸಿದರೆ ಆಮೆ ಚಿಪ್ಪು.

ಹಣೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ನೀಲಿಯನ್ನು ಕೊಕ್ಕಿನ ಬುಡಕ್ಕೇ ತಾಗಿಸುವುದು. ಕೊಕ್ಕಿಗೂ ನೀಲಿ ಪಟ್ಟಿಗೂ ನಡುವೆ ಕಪ್ಪು ಇದೆ. ಕೊಕ್ಕು, ಕಾಲು ಎರಡೂ ಕಪ್ಪು. ಹಳದಿ ಕೊಕ್ಕು ಬರೆದರೆ ಅದು ಉತ್ತರದ ಹಿಮಾಲಯದ ಕಡೆಯ ಶಿಳ್ಳೆಗಾರ, ನಮ್ಮದಲ್ಲ. ಇಂಟರ್‌ನೆಟ್ ಫೋಟೋ ನೋಡಿ ಬರೆಯುವವರು ಇಲ್ಲಿ ಬೀಳುತ್ತಾರೆ.

ಹೂಮಳೆ
ಕಾಡುಗೆರೆ ಅವರು ಹೇಳಿದ ನೀರಿನ ಪರೀಕ್ಷೆ ಮಾಡಿದೆ. ಗೋಡೆ ಕಡೆಯ ಮಗ್ಗುಲು ಹೋಗಿದೆ, ಇನ್ನೊಂದು ಮಗ್ಗುಲು ಸಮನಾಗಿ ಹೊಳೆಯುತ್ತಿದೆ. ಅದರಲ್ಲೇ ಹೊಸದಾಗಿ ಶುರು ಮಾಡುತ್ತೇನೆ.

ಆದರೆ 'ಒಣಗಲಿ' ಅನ್ನುತ್ತೀರಲ್ಲ, ಈ ಕಕ್ಕಡ ಮಾಸದ ಜಡಿಮಳೆಯಲ್ಲಿ ಯಾವುದೂ ಒಣಗುವುದಿಲ್ಲ. ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಎರಡನೇ ಪದರ ಹಾಕಿದರೆ ಮೊದಲನೆಯದು ಎದ್ದುಬಂದು ಕೆಸರಾಗುತ್ತದೆ. ಬೆಂಕಿ ಹತ್ತಿರ ಇಡಬಹುದೇ?

ಕಾಡುಗೆರೆ
ಒಲೆ, ಅಗ್ಗಿಷ್ಟಿಕೆ ಬೇಡವೇ ಬೇಡ. ಹೊಗೆಯ ಜಿಡ್ಡು ಪೇಪರಿಗೆ ಕೂತರೆ ಮುಂದಿನ ವಾಶ್ ಹಿಡಿಯುವುದಿಲ್ಲ, ಪೇಪರ್ ಹಳದಿಯೂ ಆಗುತ್ತದೆ. ಒಂದೇ ಕಡೆಯಿಂದ ಕಾವು ಬಿದ್ದು ಹಾಳೆ ಸೊಟ್ಟಗಾಗುವುದು ಬೇರೆ.

ಒಣಗಿದೆಯೇ ಎಂದು ಬೆರಳ ತುದಿಯಿಂದ ನೋಡಬೇಡಿ, ಬೆರಳಿನ ಎಣ್ಣೆ ತಾಗುತ್ತದೆ. ಕೈಯ ಹಿಂಭಾಗವನ್ನು ಹಾಳೆಯ ಹಿಂಬದಿಗೆ ಇಟ್ಟು ನೋಡಿ. ತಣ್ಣಗನ್ನಿಸಿದರೆ ಒಳಗೆ ನೀರಿದೆ. ಬಣ್ಣ ಹಾಕದ ಮೂಲೆಯಷ್ಟೇ ಬೆಚ್ಚಗಿದ್ದರೆ ಒಣಗಿದೆ. ಫೆಬ್ರವರಿಯಲ್ಲಿ ಕಾಲು ಗಂಟೆ ಸಾಕಾಗುವ ವಾಶ್‌ಗೆ ಈಗ ಒಂದು ಗಂಟೆ ಬೇಕಾಗಬಹುದು.

ಹೇರ್ ಡ್ರೈಯರ್ ಬಳಸಿ, ಆದರೆ ಎರಡು ಷರತ್ತು. ನೀರಿನ ಹೊಳಪು ತಾನಾಗಿ ಇಂಗುವ ತನಕ ಕಾಯಬೇಕು, ಅದಕ್ಕೆ ಮೊದಲು ಊದಿದರೆ ಬಣ್ಣ ಗಾಳಿಯ ದಿಕ್ಕಿಗೆ ಓಡುತ್ತದೆ. ಆಮೇಲೆ ಒಂದು ಅಡಿ ದೂರದಿಂದ, ಕಡಿಮೆ ಕಾವಿನಲ್ಲಿ, ಕೈ ಆಡಿಸುತ್ತಾ, ಎರಡೂ ಮಗ್ಗುಲು. ಮುಗಿದ ಮೇಲೆ ಐದು ನಿಮಿಷ ಬಿಟ್ಟು ಪೇಪರ್ ತಣ್ಣಗಾದ ಬಳಿಕವೇ ಮುಂದಿನ ಪದರ. ಬಿಸಿ ಪೇಪರಿಗೆ ಬಣ್ಣ ಹಾಕಿದರೆ ಅಂಚು ಸುಟ್ಟಂತೆ ಗೆರೆ ಕಟ್ಟುತ್ತದೆ.

ಎರಡನೇ ಪದರವನ್ನು ಅಗಲ ಮೆತ್ತನೆಯ ಬ್ರಶ್‌ನಿಂದ ಒಂದೇ ಎಳೆತದಲ್ಲಿ ಹಾಕಿ. ಅದೇ ಜಾಗದಲ್ಲಿ ಮೂರು ಸಲ ಉಜ್ಜಿದರೆ ಪೂರ್ತಿ ಒಣಗಿದ ಅಲ್ಟ್ರಾಮರೀನ್ ಕೂಡ ಎದ್ದು ಬರುತ್ತದೆ.

ಇನ್ನೊಂದು: ಜೇನು ಸೇರಿಸಿ ಮಾಡಿದ ಟ್ಯೂಬ್ ಬಣ್ಣಗಳು ಒಣ ಊರಿನಲ್ಲಿ ಬಹಳ ಚೆನ್ನಾಗಿರುತ್ತವೆ. ಇಲ್ಲಿ ಮಳೆಗಾಲದಲ್ಲಿ ಪ್ಯಾಲೆಟ್‌ನಲ್ಲಿ ಗಟ್ಟಿಯಾಗುವುದೇ ಇಲ್ಲ, ಪೆಟ್ಟಿಗೆ ಓರೆಯಾದರೆ ಒಂದರೊಳಗೊಂದು ಹರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಗೋಂದಿನ ಬಣ್ಣವೇ ಮೇಲು. ಪ್ಯಾಲೆಟ್ ಒದ್ದೆ ಇದ್ದಾಗ ಮುಚ್ಚಬೇಡಿ, ರಾತ್ರಿ ತೆರೆದಿಟ್ಟು ಬೆಳಿಗ್ಗೆ ಮುಚ್ಚಿ. ಬೂಷ್ಟು ಬಂದಿದ್ದರೆ ಮೇಲಿನ ಪದರ ಚಾಕುವಿನಿಂದ ಕೆರೆದು ತೆಗೆದು ಸರ್ಜಿಕಲ್ ಸ್ಪಿರಿಟ್ ಹನಿಸಿ ಒಣಗಿಸಿ.

ಕರಿಮೆಣಸುಬಳ್ಳಿ
ಇಷ್ಟೆಲ್ಲ ಪದರದ ಬದಲು ನೀಲಿ ಜಾಗಕ್ಕೆ ಮಾಸ್ಕಿಂಗ್ ಫ್ಲೂಯಿಡ್ ಹಾಕಿ ಮುಚ್ಚಿ, ಕಪ್ಪು ಸಲೀಸಾಗಿ ಬಳಿದು, ಕೊನೆಗೆ ಕಿತ್ತರೆ ಆಯಿತಲ್ಲ?

ತೊರೆಬದಿ
ಆಗುವುದಿಲ್ಲ ಅಂತಲ್ಲ, ಆದರೆ ಈ ಹಕ್ಕಿಗೆ, ಈ ಕಾಲಕ್ಕೆ ಬೇಡ. ಮಾಸ್ಕಿಂಗ್ ಫ್ಲೂಯಿಡ್ ಅಂದರೆ ರಬ್ಬರ್ ಹಾಲು. ಪೇಪರ್ ಒಳಗೆ ಶೀತ ಇದ್ದಾಗ ಹಾಕಿದರೆ ಅದು ಎಳೆಗಳೊಳಗೆ ಇಳಿದು ಗಟ್ಟಿಯಾಗುತ್ತದೆ, ಕೀಳುವಾಗ ಪೇಪರಿನ ಸಿಪ್ಪೆಯೂ ಬರುತ್ತದೆ. ಸೈಜಿಂಗ್ ಹೋದ ಪೇಪರಿನಲ್ಲಂತೂ ಖಂಡಿತ ಹರಿಯುತ್ತದೆ. ಎರಡನೆಯದು, ಅದು ಬಿಡುವ ಅಂಚು ಎಲ್ಲ ಕಡೆಯೂ ಕತ್ತರಿಸಿದಂತೆ ಹರಿತ. ಗರಿಗೆ ಒಂದು ಬದಿ ಮೆತ್ತಗೆ, ಒಂದು ಬದಿ ಹರಿತ ಬೇಕು.

ನೀರಿನ ಸಿಡಿತ, ಜೇಡರ ಬಲೆ, ಹುಲ್ಲಿನ ಎಸಳು, ಇವಕ್ಕೆ ಮಾಸ್ಕಿಂಗ್ ಒಳ್ಳೆಯದು. ಬ್ರಶ್‌ಗೆ ಮೊದಲು ಸೋಪು ಹಚ್ಚಿ, ಇಲ್ಲದಿದ್ದರೆ ಬ್ರಶ್ ಹಾಳು. ತೆಳು ಗೆರೆಗೆ ರೂಲಿಂಗ್ ಪೆನ್. ಹಾಕಿದ ದಿನವೇ ಅಥವಾ ಮಾರನೇ ದಿನವೇ ಕಿತ್ತುಬಿಡಿ. ಅದರ ಮೇಲೆ ಹೇರ್ ಡ್ರೈಯರ್ ಬಿಸಿ ತೋರಿಸಿದರೆ ಪೇಪರಿಗೆ ಬೆಸೆದುಕೊಳ್ಳುತ್ತದೆ.

ಬೆಟ್ಟದನೆಲ್ಲಿ
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲ ಬಿಳುಪನ್ನೂ ಪೇಪರಿನಲ್ಲೇ ಬಿಟ್ಟು ಉಳಿಸಬೇಕೆಂಬ ಹಟ ಬೇಡ. ಕಾಕರಣೆ ಹಕ್ಕಿಯನ್ನೇ, ಅಂದರೆ ಮಲಬಾರ್ ಟ್ರೋಗನ್ ಅನ್ನೇ ನೋಡಿ. ಗಂಡಿನ ರೆಕ್ಕೆಯ ಮೇಲ್ಗರಿಯಲ್ಲಿ ಕಪ್ಪಿನ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳು. ಎ3 ಹಾಳೆಯಲ್ಲಿ ಅವನ್ನು ಬಿಟ್ಟು ಬಳಿಯಲು ಮನುಷ್ಯರಿಂದ ಆಗದು. ಕಪ್ಪು ಪೂರ್ತಿ ಒಣಗಿದ ಮೇಲೆ ಟೈಟೇನಿಯಂ ವೈಟ್ ಗ್ವಾಶ್‌ಗೆ ಚಿಟಿಕೆ ಕಂದು ಸೇರಿಸಿ, ಉದ್ದ ಕೂದಲಿನ ರಿಗ್ಗರ್ ಬ್ರಶ್‌ನಿಂದ ಎಳೆಯಿರಿ. ಶುದ್ಧ ಬಿಳಿ ಹಾಕಿದರೆ ಗೆರೆ ಹಕ್ಕಿಯಿಂದ ಹೊರಗೆ ನಿಲ್ಲುತ್ತದೆ. ಝಿಂಕ್ ಆಧಾರದ ಚೈನೀಸ್ ವೈಟ್ ಇದಕ್ಕೆ ಸಾಲದು, ಒಣಗಿದಾಗ ಮಾಯವಾಗುತ್ತದೆ.

ಎದೆಯ ಬಿಳಿ ಪಟ್ಟಿ ಮಾತ್ರ ಪೇಪರಿನ ಬಿಳುಪೇ ಇರಲಿ. ಕಪ್ಪು ತಲೆಗೂ ಕೆಂಪು ಹೊಟ್ಟೆಗೂ ನಡುವೆ ಅದೇ ಉಸಿರಾಡುವ ಜಾಗ.

ಹೂಮಳೆ
ಟ್ರೋಗನ್ ವಿಷಯ ಬಂದದ್ದು ಒಳ್ಳೆಯದಾಯಿತು, ಮುಂದಿನದು ಅದೇ. ಹೊಟ್ಟೆಯ ಕೆಂಪಿಗೆ ಯಾವ ಬಣ್ಣ? ಅಲಿಜರಿನ್ ಕ್ರಿಮ್ಸನ್ ಸರಿಯೇ?

ಬೆಟ್ಟದನೆಲ್ಲಿ
ಅಸಲಿ ಅಲಿಜರಿನ್ (ಪಿಆರ್ 83) ಬೆಳಕಿಗೆ ಮಾಸುತ್ತದೆ, ತೆಳುವಾಗಿ ಹಾಕಿದಷ್ಟೂ ಬೇಗ. ಒಪೆರಾ ಪಿಂಕ್ ಇನ್ನೂ ಬೇಗ, ಅದರ ಮಿಂಚು ಫ್ಲೋರೆಸೆಂಟ್ ಬಣ್ಣದ್ದು. ಎರಡೂ ಬೇಡ. ಪಿವಿ 19 ರೋಸ್ ಮೂರು ಪಾಲು, ಪಿರೋಲ್ ರೆಡ್ (ಪಿಆರ್ 254) ಒಂದು ಪಾಲು ಕಲಸಿದರೆ ಟ್ರೋಗನ್ನಿನ ಗುಲಾಬಿಗೆಂಪು ಸಿಗುತ್ತದೆ. ಸಂಶಯವಿದ್ದ ಟ್ಯೂಬ್‌ಗಳನ್ನು ನೀವೇ ಪರೀಕ್ಷಿಸಬಹುದು: ಪಟ್ಟಿ ಬಳಿದು, ಅರ್ಧ ಭಾಗ ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇಡಿ. ಮಳೆಗಾಲದಲ್ಲಿ ಇಟ್ಟರೆ ಏನೂ ಗೊತ್ತಾಗುವುದಿಲ್ಲ.

ಕೆಂಪಿನ ನೆರಳಿಗೆ ಕಪ್ಪು ಸೇರಿಸಬೇಡಿ, ಹಳೆಯ ರಕ್ತದ ಬಣ್ಣವಾಗುತ್ತದೆ. ಪೆರಿಲೀನ್ ಮರೂನ್ (ಪಿಆರ್ 179) ಇದ್ದರೆ ಅದು. ಇಲ್ಲದಿದ್ದರೆ ಅದೇ ಕೆಂಪಿಗೆ ಒಂದು ಹನಿ ಅಲ್ಟ್ರಾಮರೀನ್. ಹಿಂದಿನ ಕಾಡಿನ ಹಸಿರು ಒದ್ದೆಯಲ್ಲಿ ಕೆಂಪನ್ನು ಮುಟ್ಟಿದರೆ ಆ ಅಂಚಿನಲ್ಲಿ ಕಂದು ಕೆಸರು ಏಳುತ್ತದೆ. ಮೊದಲು ಹಿನ್ನೆಲೆ ಮುಗಿಸಿ, ಪೂರ್ತಿ ಒಣಗಿಸಿ, ಆಮೇಲೆ ಹೊಟ್ಟೆ.

ತೊರೆಬದಿ
ಭಂಗಿಯ ಬಗ್ಗೆ ಎರಡು ಮಾತು. ಟ್ರೋಗನ್ ನೆಟ್ಟಗೆ ಕೂರುತ್ತದೆ, ಬಾಲ ನೇರ ಕೆಳಗೆ, ಕುತ್ತಿಗೆ ಇಲ್ಲವೇನೋ ಅನ್ನುವಷ್ಟು ಗಿಡ್ಡ. ಬುಲ್‌ಬುಲ್‌ನಂತೆ ಓರೆಯಾಗಿ ಬರೆದರೆ ಬಣ್ಣ ಎಷ್ಟು ಸರಿಯಿದ್ದರೂ ಟ್ರೋಗನ್ ಆಗದು. ಕಾಲಿನಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಮರಕುಟಿಗನಲ್ಲೂ ಹಾಗೇ ಇದೆ, ಆದರೆ ಅಲ್ಲಿ ಹಿಂದಕ್ಕೆ ತಿರುಗಿರುವುದು ಒಂದನೇ ಮತ್ತು ನಾಲ್ಕನೇ ಬೆರಳು, ಟ್ರೋಗನ್ನಿನಲ್ಲಿ ಒಂದನೇ ಮತ್ತು ಎರಡನೇ ಬೆರಳು. ಚಿತ್ರದಲ್ಲಿ ಕೊಂಬೆಯ ಮುಂದೆ ಕಾಣುವುದು ಎರಡೇ ಬೆರಳು. ಮೂರು ಬರೆಯಬೇಡಿ.

ಹೆಣ್ಣಿಗೆ ಕಪ್ಪು ತಲೆಯೂ ಇಲ್ಲ, ಕೆಂಪೂ ಇಲ್ಲ. ತಲೆ, ಎದೆ ಕಂದು, ಹೊಟ್ಟೆ ಕಂದುಗಿತ್ತಳೆ. ಬರ್ಂಟ್ ಸಿಯೆನ್ನಾಕ್ಕೆ ಸ್ವಲ್ಪ ಹಳದಿ ಓಕರ್ (ಪಿವೈ 42). ಬರೆಯಲು ಹೆಣ್ಣೇ ಕಷ್ಟ, ಚೆನ್ನಾಗಿ ಬಂದರೆ ಹೆಣ್ಣೇ ಚೆಂದ.

ಭೀಮರಾಜನನ್ನು (ರಾಕೆಟ್ ಬಾಲದ ಡ್ರಾಂಗೊ) ಬರೆಯುವವರಿಗೂ ಇದೇ ಥರದ ಒಂದು ಸೂಕ್ಷ್ಮ. ಬಾಲದ ಎರಡು ತಂತಿಗಳ ತುದಿಯ ಸೌಟು ಹೊರಗಡೆಗೆ ಗರಿ ಬಿಟ್ಟಂತೆ ಕಾಣುತ್ತದೆ. ನಿಜಕ್ಕೂ ಅದು ಒಳಬದಿಯ ಗರಿಯೇ, ಸೌಟಿಗೆ ಸ್ವಲ್ಪ ಮೇಲೆ ದಂಟು ತಿರುಚಿಕೊಂಡಿರುವುದರಿಂದ ಹಾಗೆ. ಆ ತಿರುಚನ್ನು ಬ್ರಶ್‌ನ ಒಂದು ಸಣ್ಣ ಒತ್ತಿನಲ್ಲಿ ತೋರಿಸಿದರೆ ಸೌಟು ಗಾಳಿಯಲ್ಲಿ ತೂಗುತ್ತದೆ, ಇಲ್ಲದಿದ್ದರೆ ತಂತಿಗೆ ಎಲೆ ಅಂಟಿಸಿದ ಹಾಗೆ. ಬಾಲದಲ್ಲಿ ಒಟ್ಟು ಹತ್ತೇ ಗರಿ.

ಕರಿಮೆಣಸುಬಳ್ಳಿ
ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಬರೆಯುವಾಗ ಕುತ್ತಿಗೆಯ ಹಳದಿ ಎಷ್ಟು ಗಾಢ ಇರಬೇಕು? ಒಂದೊಂದು ಫೋಟೋದಲ್ಲಿ ಒಂದೊಂದು ಥರ ಇದೆ.

ತೊರೆಬದಿ
ಒಂದೊಂದು ಥರ ಇರುವುದೇ ಸರಿ. ಆ ಹಳದಿ ಗರಿಯಲ್ಲಿ ಹುಟ್ಟಿದ್ದಲ್ಲ. ಬಾಲದ ಬುಡದ ಗ್ರಂಥಿಯಿಂದ ಬರುವ ಎಣ್ಣೆಯನ್ನು ಹಕ್ಕಿ ಕೊಕ್ಕಿನಿಂದ ತೆಗೆದು ಕುತ್ತಿಗೆಗೆ, ರೆಕ್ಕೆಯ ಬಿಳಿ ಪಟ್ಟಿಗೆ, ಕೊಕ್ಕಿನ ಮೇಲಿನ ಶಿರಸ್ತ್ರಾಣಕ್ಕೆ ಹಚ್ಚಿಕೊಳ್ಳುತ್ತದೆ. ಕೈಯಿಂದ ಅರಿಶಿನ ಹಚ್ಚಿದಂತೆ ಎಲ್ಲೋ ಜಾಸ್ತಿ, ಎಲ್ಲೋ ಕಡಿಮೆ. ಆದ್ದರಿಂದ ಕುತ್ತಿಗೆಯನ್ನು ಬರೀ ನೀರಿನಿಂದ ಒದ್ದೆ ಮಾಡಿ, ಹಳದಿ ಓಕರ್ ತೆಳುವಾಗಿ ಬಿಟ್ಟು, ಹೊಳಪು ಇಂಗುವ ಮೊದಲು ಒಂದೆರಡು ಕಡೆ ನಿಕಲ್ ಅಜೋ ಹಳದಿ (ಪಿವೈ 150) ತುದಿ ತಾಗಿಸಿ, ಅದು ತಾನೇ ಹರಡಲಿ. ಬಾಲದ ಬಿಳಿಗೆ ಹಳದಿ ಬೇಡ, ಅದರ ಮೇಲೆ ಒಂದೇ ಕಪ್ಪು ಪಟ್ಟಿ.

ಕಣ್ಣು ನೋಡದೆ ಬಣ್ಣ ಹಾಕಬೇಡಿ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಗಂಡಿನ ಶಿರಸ್ತ್ರಾಣದ ಮುಂದೆ ಹಿಂದೆ ಕಪ್ಪು ಇರುತ್ತದೆ, ಹೆಣ್ಣಿಗೆ ಇಲ್ಲ. ಕಪ್ಪು ಶಿರಸ್ತ್ರಾಣಕ್ಕೆ ಬಿಳಿ ಕಣ್ಣು ಕೊಟ್ಟ ಚಿತ್ರಗಳು ಬೇಕಾದಷ್ಟಿವೆ, ಅಂಥ ಹಕ್ಕಿ ಇಲ್ಲ. ಕಣ್ಣಿಗೆ ರೆಪ್ಪೆಗೂದಲೂ ಇದೆ, ಅದು ಮಾರ್ಪಟ್ಟ ಗರಿ. ಕೊನೆಯಲ್ಲಿ ನಾಲ್ಕೈದು ಗೆರೆ ಸಾಕು.

ತೋಟದಲ್ಲಿ ಹೆಚ್ಚು ಕಾಣುವ ಚಿಕ್ಕ ಬೂದು ಮಂಗಟ್ಟೆಗೆ ಶಿರಸ್ತ್ರಾಣವೇ ಇಲ್ಲ. ದೊಡ್ಡದನ್ನು ಚಿಕ್ಕದು ಮಾಡಿ ಬರೆದರೆ ಅದು ಆಗುವುದಿಲ್ಲ.

ಪೊನ್ನಂಪೇಟೆ ಪೆನ್ಸಿಲ್
ಹಿನ್ನೆಲೆಯ ಬಗ್ಗೆ ಯಾರೂ ಹೇಳಲಿಲ್ಲ. ಮಳೆಗಾಲ ಒಂದಕ್ಕೆ ಮಾತ್ರ ಬಹಳ ಒಳ್ಳೆಯ ಕಾಲ, ಮಂಜು ಬರೆಯಲು. ಪೇಪರ್ ನಿಧಾನ ಒಣಗುವುದರಿಂದ ಒದ್ದೆ ಮೇಲೆ ಒದ್ದೆ ಕೆಲಸಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಹಲಗೆಯನ್ನು ಹಿಂಬದಿಯಲ್ಲಿ ಎರಡು ಇಂಚು ಎತ್ತರಿಸಿ, ಇಡೀ ಹಾಳೆ ಒದ್ದೆ ಮಾಡಿ, ದೂರದ ಮರಗಳನ್ನು ಕೋಬಾಲ್ಟ್ ಮತ್ತು ಬರ್ಂಟ್ ಸಿಯೆನ್ನಾದ ತೆಳು ಬೂದಿಯಲ್ಲಿ ಬಿಡಿ. ಸ್ವಲ್ಪ ಇಂಗಿದ ಮೇಲೆ ನಡುವಿನ ಸಾಲು ಇನ್ನಷ್ಟು ಗಟ್ಟಿ ಬಣ್ಣದಲ್ಲಿ. ಪ್ರತಿ ಸಲವೂ ಬ್ರಶ್‌ನಲ್ಲಿರುವ ನೀರು ಪೇಪರಿನ ಮೇಲಿರುವ ನೀರಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಆ ನೀರು ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಕಲೆ ಕಟ್ಟುತ್ತದೆ. ಮಂಜಿನ ಪಟ್ಟಿಯನ್ನು ಹಿಂಡಿದ ಚಪ್ಪಟೆ ಬ್ರಶ್‌ನಿಂದ ಎತ್ತಿ ತೆಗೆಯಬಹುದು. ಥ್ಯಾಲೋ ಬಣ್ಣ ಪೇಪರಿಗೆ ಕಚ್ಚಿಕೊಳ್ಳುತ್ತದೆ, ಎದ್ದುಬರುವುದಿಲ್ಲ, ಆದ್ದರಿಂದ ಹಿನ್ನೆಲೆಗೆ ಅದು ಬೇಡ.

ಕಾಫಿ ಗಿಡ ಬರೆದರೆ ಜಾತಿ ನೋಡಿ ಬರೆಯಿರಿ. ಅರಾಬಿಕಾ ಎಲೆ ಸಣ್ಣದು, ಗಾಢ ಹಸಿರು, ಹೊಳಪು. ರೋಬಸ್ಟಾ ಎಲೆ ಅಗಲ, ಅಲೆಅಲೆಯಾಗಿ ಉಬ್ಬಿರುತ್ತದೆ. ಎಲೆಗಳು ಜೋಡಿಜೋಡಿಯಾಗಿ ಎದುರುಬದಿರು. ಹೊಳಪಿನ ಜಾಗದಲ್ಲಿ ಕಾಣುವುದು ಆಕಾಶ, ಹಾಗಾಗಿ ಅದು ಬಿಳಿಯಲ್ಲ, ತೆಳು ನೀಲಿ.

ಹಿನ್ನೆಲೆಯೇ ಬೇಡ ಅನ್ನುವವರಿಗೂ ದೊಡ್ಡ ಪರಂಪರೆ ಇದೆ. 1777ರಿಂದ 1782ರವರೆಗೆ ಕಲ್ಕತ್ತದಲ್ಲಿ ಶೇಖ್ ಝೈನ್‌ಉದ್ದೀನ್ ಎಂಬ ಕಲಾವಿದ ಅಲ್ಲಿನ ಮುಖ್ಯ ನ್ಯಾಯಮೂರ್ತಿಯ ಪತ್ನಿ ಲೇಡಿ ಇಂಪಿಗಾಗಿ ಬರೆದ ಹಕ್ಕಿಗಳಲ್ಲಿ ಇಂಗ್ಲೆಂಡಿನ ವಾಟ್‌ಮನ್ ಪೇಪರಿನ ಖಾಲಿ ಬಿಳುಪೇ ಹಿನ್ನೆಲೆ. ಮೊಘಲ್ ಕುಂಚದ ಸೂಕ್ಷ್ಮವನ್ನು ಜಲವರ್ಣಕ್ಕೆ ತಂದ ಕೆಲಸ ಅದು. ಒಂದು ಕೊಂಬೆ, ಒಂದು ಹಕ್ಕಿ, ಸಾಕು.

ಹೂಮಳೆ
ಹೊರಗೆ ಕೂತು ಸ್ಕೆಚ್ ಮಾಡುವುದು ಹೇಗೆ? ಮಳೆಯಲ್ಲಿ ಪುಸ್ತಕ ತೆರೆಯುವ ಹಾಗಿಲ್ಲ.

ಪೊನ್ನಂಪೇಟೆ ಪೆನ್ಸಿಲ್
2ಬಿ ಪೆನ್ಸಿಲ್ ಮಾತ್ರ. ಇಂಕು ಹರಡುತ್ತದೆ, ವಾಟರ್ ಕಲರ್ ಪೆನ್ಸಿಲ್ ಕರಗುತ್ತದೆ. ಅಂಗೈ ಅಳತೆಯ ಪುಸ್ತಕವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಕೈಯನ್ನೂ ಒಳಗೆ ಹಾಕಿ ಬರೆಯಬಹುದು. ಹಕ್ಕಿ ಕಂಡ ಮೊದಲ ಅರ್ಧ ನಿಮಿಷದಲ್ಲಿ ಮೂರೇ ವಿಷಯ: ಬೆನ್ನಿನ ಓಟದ ಒಂದು ಗೆರೆ, ಮೈ ಮತ್ತು ತಲೆಗೆ ಎರಡು ಮೊಟ್ಟೆ ಆಕಾರ, ಕೊಕ್ಕಿನ ಉದ್ದ ತಲೆಯ ಎಷ್ಟು ಪಾಲು. ಬೆಳಕಿನ ದಿಕ್ಕಿಗೆ ಒಂದು ಬಾಣ. ಬಣ್ಣವನ್ನು ಅಕ್ಷರದಲ್ಲಿ ಬರೆದುಕೊಳ್ಳಿ. 8x42 ದುರ್ಬೀನು ಮರದಡಿಯ ಮಬ್ಬಿಗೆ ಸಾಕು.

ತೋಟದ ಬೇಲಿ, ಗದ್ದೆಯ ಏರಿ, ಕಾವೇರಿ ದಡ, ಇಲ್ಲೇ ಬೇಕಾದಷ್ಟು ಹಕ್ಕಿ ಸಿಗುತ್ತದೆ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ, ಅದು ತನ್ನ ಜಾಗ ಕಾಯಲು ಬಂದು ಸುಮ್ಮನೆ ದಣಿಯುತ್ತದೆ. ಮಂಗಟ್ಟೆ ಗೂಡಿನ ಹತ್ತಿರ ಹೋಗಲೇಬಾರದು. ಹೆಣ್ಣು ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಕೂತಿರುತ್ತದೆ, ಗಂಡು ತಂದುಕೊಡುವುದೇ ಅದಕ್ಕೆ ಆಹಾರ. ನಿಮ್ಮನ್ನು ಕಂಡು ಗಂಡು ದೂರ ಉಳಿದರೆ ಒಳಗಿನವು ಉಪವಾಸ. ಬಿದ್ದ ಗರಿಯನ್ನೂ ಮನೆಗೆ ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಲ್ಲೇ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆದು ಬಿಟ್ಟುಬನ್ನಿ.

ಕರಿಮೆಣಸುಬಳ್ಳಿ
ಪ್ರಾಣಿಗಳಿಗೂ ಇದೇ ಕಪ್ಪು ನಡೆಯುತ್ತದೆಯೇ? ಕಾಟಿ (ಕಾಡುಕೋಣ) ಮತ್ತು ಕೆಂದಳಿಲು ಬರೆಯಬೇಕು.

ಬೆಟ್ಟದನೆಲ್ಲಿ
ಕಾಟಿಗೆ ಕಪ್ಪೇ ಬೇಡ. ದೊಡ್ಡ ಗಂಡೂ ಬಿಸಿಲಿನಲ್ಲಿ ಗಾಢ ಕಂದು. ಬರ್ಂಟ್ ಅಂಬರ್‌ನಿಂದ ಶುರು ಮಾಡಿ ನೆರಳಿಗೆ ಅಲ್ಟ್ರಾಮರೀನ್ ಸೇರಿಸಿಕೊಂಡು ಹೋಗಿ. ಬೆನ್ನಿನ ಏರು ಆಕಾಶದ ಬೆಳಕಿಗೆ ತೆಳು ನೀಲಿಬೂದಿಯಾಗಿ ಉಳಿಯಲಿ. ಕಾಲಿನ ಬಿಳಿ ಕಾಲುಚೀಲ ಮಣ್ಣಿನ ಬಣ್ಣ ಹಿಡಿದಿರುತ್ತದೆ, ಅಚ್ಚ ಬಿಳಿ ಬಿಡಬೇಡಿ.

ಕೆಂದಳಿಲಿನ ಜೀವ ಬಾಲದಲ್ಲಿದೆ. ಬಾಲ ಮೈಯಷ್ಟೇ ಉದ್ದ, ಕೆಲವೊಮ್ಮೆ ಇನ್ನೂ ಹೆಚ್ಚು. ಹಿಂದಿನಿಂದ ಬೆಳಕಿದ್ದರೆ ಅಂಚಿನ ಸುತ್ತ 2–3 ಮಿಲಿಮೀಟರ್ ತಿಳಿಯಾಗಿ ಬಿಟ್ಟು, ಒಳಗೆ ಗಾಢ ಬಣ್ಣ ಒದ್ದೆಯಲ್ಲೇ ಬಿಡಿ. ಇಂಗುತ್ತಿರುವಾಗ ಅರೆ ಒಣ ಬ್ರಶ್‌ನ ಕೂದಲನ್ನು ಬೆರಳಿನಿಂದ ಚಪ್ಪಟೆಯಾಗಿ ಹರಡಿ ಒಳಗಿನಿಂದ ಹೊರಕ್ಕೆ ಎಳೆಯಿರಿ. ಮೈ ಕೂದಲು ಮೂಗಿನಿಂದ ಹಿಂದಕ್ಕೆ, ತೊಡೆಯಲ್ಲಿ ಕೆಳಕ್ಕೆ ತಿರುಗುತ್ತದೆ. ಆ ದಿಕ್ಕು ತಪ್ಪಿದರೆ ಪ್ರಾಣಿ ನೆನೆದ ಹಾಗೆ ಕಾಣುತ್ತದೆ. ಮೀಸೆ ಕೊನೆಗೆ, ಬಿಳಿ ಗ್ವಾಶ್.

ಹೂಮಳೆ
ಶಿಳ್ಳೆಗಾರ ಮೂರನೇ ಪದರಕ್ಕೆ ಬಂದಿದೆ. ಕಪ್ಪು ಮಂಕಾಗಿಲ್ಲ, ಹೆಗಲು ಮೈಯೊಳಗೆ ಕೂತಿದೆ. ಕಲೆಯೂ ಏಳಲಿಲ್ಲ. ಎಲ್ಲರಿಗೂ ಧನ್ಯವಾದ. ಒಂದೇ ಉಳಿದದ್ದು: ಫ್ರೇಮ್ ಹಾಕಿಸಿದರೆ ಗೋಡೆಯ ಶೀತ ಬರುವುದಿಲ್ಲವೇ?

ಕಾಡುಗೆರೆ
ಬರುತ್ತದೆ. ಮಳೆಗಾಲದಲ್ಲಿ ಹಾಕಿಸಬೇಡಿ, ಪೇಪರಿನೊಳಗಿನ ತೇವ ಗಾಜಿನ ಹಿಂದೆ ಸೆರೆಯಾಗುತ್ತದೆ. ಜನವರಿವರೆಗೆ ಸಿಲಿಕಾ ಜೆಲ್ ಡಬ್ಬಿಯಲ್ಲೇ ಇರಲಿ. ಆಮೇಲೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಹಾಕಿ. ಚಿತ್ರ ಗಾಜನ್ನು ಮುಟ್ಟಬಾರದು, ಮುಟ್ಟಿದ ಕಡೆ ಬೂಷ್ಟು ಖಂಡಿತ. ಹಿಂಬದಿಯ ಅಂಚನ್ನು ಪೂರ್ತಿ ಟೇಪಿನಿಂದ ಮುಚ್ಚಿ, ಇಲ್ಲದಿದ್ದರೆ ಸಿಲ್ವರ್ ಫಿಶ್ ಹುಳ ಒಳಸೇರಿ ಸೈಜಿಂಗ್ ತಿನ್ನುತ್ತದೆ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಒಂದು ಸೆಂಟಿಮೀಟರ್ ಗಾಳಿ ಆಡಲಿ. ಒಳಗೋಡೆಗೆ ತೂಗುಹಾಕಿ, ಮಳೆ ಬಡಿಯುವ ಪಡುಗೋಡೆಗೆ ಬೇಡ.